ಸವಳು ಯಾವ ವರ್ಷ ಬಂತು? ಕೃಷ್ಣೆಯ ದಂಡೆಯ ನೆಲ ಮತ್ತು ಐವತ್ತು ವರ್ಷಗಳ ಉಪಗ್ರಹ ದಾಖಲೆ

ಕುಡಚಿಯಿಂದ ಸ್ವಲ್ಪ ದೂರದಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರದ ಒಂದು ಎರೆ ಹೊಲ. ಏಪ್ರಿಲ್ ತಿಂಗಳ ಬೆಳಿಗ್ಗೆ. ಸುತ್ತ ಕುಳೆ ಕಬ್ಬು ಮೊಣಕಾಲೆತ್ತರ ಬಂದಿತ್ತು. ನಡುವೆ ಎರಡು ಎಕರೆಯಷ್ಟು ಜಾಗ ಮಾತ್ರ ಬೋಳು. ಅಲ್ಲಿ ಕಾಲಿಟ್ಟರೆ ಮೇಲಿನ ಬಿಳಿ ಪದರ ಹಪ್ಪಳದಂತೆ ಮುರಿಯುತ್ತಿತ್ತು. ಅದರಡಿಯ ಮಣ್ಣು ಆ ಬಿಸಿಲಿನಲ್ಲೂ ಹಸಿಯಾಗಿತ್ತು. ಹೊಲದ ಯಜಮಾನರು ಎಪ್ಪತ್ತು ದಾಟಿದವರು. ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಮುಟ್ಟಿಸಿ ಉಗುಳಿದರು. “ಇದು ಸವಳು ಹಿಡಿದ ನೆಲ, ತಮ್ಮಾ. ನಾವು ಜೋಳ ಬಿತ್ತುತ್ತಿದ್ದ ಕಾಲಕ್ಕೆ ಹೀಗಿರಲಿಲ್ಲ” ಎಂದರು. “ಯಾವ ವರ್ಷದಿಂದ ಹೀಗಾಯಿತು, ಕಾಕಾ?” ಎಂದು ಕೇಳಿದೆ. ಮಗಳ ಮದುವೆಯ ವರ್ಷವೋ, ಪೈಪ್‌ಲೈನ್ ಹಾಕಿಸಿದ ವರ್ಷವೋ ಎಂದು ಬೆರಳು ಮಡಚುತ್ತ ಲೆಕ್ಕ ಹಾಕಿದರು. ಲೆಕ್ಕ ಕೂಡಲಿಲ್ಲ.

ನೆರೆ ಬಂದ ದಿನ ಈ ಊರುಗಳಿಗೆ ಬಾಯಿಪಾಠ. 2005, 2009, 2019 ಎಂದು ಮಕ್ಕಳೂ ಹೇಳುತ್ತಾರೆ; ಗೋಡೆಗಳ ಮೇಲೆ ನೀರಿನ ಗೆರೆ ಇನ್ನೂ ಇದೆ. ಸವಳಿಗೆ ಅಂಥ ತಾರೀಖಿಲ್ಲ. ಒಂದು ವರ್ಷ ಮೂಲೆಯಲ್ಲಿ ಕಬ್ಬು ಹಳದಿಯಾಗುತ್ತದೆ, ನಾಲ್ಕು ವರ್ಷದ ಮೇಲೆ ಅಲ್ಲಿ ಮೊಳಕೆಯೇ ಏಳುವುದಿಲ್ಲ, ಹತ್ತು ವರ್ಷಕ್ಕೆ ಉಳುವುದನ್ನೇ ಬಿಡುತ್ತಾರೆ. ರಾಯಬಾಗ, ಅಥಣಿ, ಚಿಕ್ಕೋಡಿ, ಜಮಖಂಡಿ, ಮುಧೋಳದ ನೀರಾವರಿ ಸೀಮೆಯಲ್ಲಿ ಹೀಗೆ ಕೈಬಿಟ್ಟ ತುಂಡುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅವು ಯಾವಾಗ ಬಿಳಿಯಾದವು ಎಂಬುದು ಊರಿನ ನೆನಪಿನಲ್ಲಿ ಉಳಿದಿಲ್ಲವಾದರೂ ಅದಕ್ಕೆ ಬೇರೆ ಕಡೆ ದಾಖಲೆ ಇದೆ. 1972ರಿಂದ ಈಚೆಗೆ ಭೂಮಿಯ ಮೇಲೆ ಹಾದು ಹೋದ ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ಅದು ಇದೆ.

ಮೊದಲು ಸವಳಿನ ಹುಟ್ಟನ್ನು ಹೇಳಬೇಕು. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು, ನೀರು ಬೇಗ ಬಸಿಯುವುದಿಲ್ಲ. ಮಳೆಯಾಶ್ರಿತ ಬಿಳಿಜೋಳಕ್ಕೆ ಇದು ವರವಾಗಿತ್ತು. ಮುಂಗಾರಿನ ತೇವ ಹಿಂಗಾರಿಯ ಕೊನೆಯವರೆಗೂ ಮಣ್ಣಿನಲ್ಲಿ ಉಳಿಯುತ್ತಿತ್ತು. ಅದೇ ಹೊಲಕ್ಕೆ ಕಾಲುವೆಯಿಂದ ಅಥವಾ ಹೊಳೆಯ ನೀರೆತ್ತುವ ದಂಡೆಯ ಬಾವಿಯಿಂದ (ಜಾಕ್‌ವೆಲ್) ವರ್ಷವಿಡೀ ನೀರು ಬಿಟ್ಟರೆ, ಬಸಿದು ಹೋಗಲು ದಾರಿಯಿಲ್ಲದೆ ಒಳಗಿನ ನೀರಿನ ಮಟ್ಟ ಮೇಲೇರುತ್ತದೆ. ಮೊದಲು ನೆಲ ಜವಳಾಗುತ್ತದೆ, ಅಂದರೆ ಸದಾ ನೀರು ಹಿಡಿದು ಹಸಿಯಾಗಿರುತ್ತದೆ. ನೀರು ಬೇರಿನ ಹತ್ತಿರಕ್ಕೆ ಬಂದ ಮೇಲೆ, ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಂದುಗಳಲ್ಲಿ ಏರಿ ಬಿಸಿಲಿಗೆ ಆವಿಯಾಗುತ್ತದೆ. ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಸವಳು–ಜವಳು ಎಂದು ಜೋಡಿಸಿ ಹೇಳುವ ನಮ್ಮ ಮಾತಿನಲ್ಲಿ ಈ ಕಾರ್ಯಕಾರಣವೇ ಅಡಗಿದೆ.

ಇದನ್ನು ನೂರಾರು ಕಿಲೋಮೀಟರ್ ಮೇಲಿನಿಂದ ಕಾಣುವುದು ಬೆಳಕಿನ ಲೆಕ್ಕದಿಂದ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಬೆಳೆ ಸೊರಗಿದಂತೆ ಈ ಎರಡರ ಅಂತರ ಕಡಿಮೆಯಾಗುತ್ತದೆ. ನೀರು ಅವಕೆಂಪನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಉಪ್ಪಿನ ಪದರ ಎಲ್ಲ ಬಣ್ಣಗಳನ್ನೂ ಎಸೆದು ಬೆಳ್ಳಗೆ ಹೊಳೆಯುತ್ತದೆ. ಉಪಗ್ರಹ ಚಿತ್ರಗಳಲ್ಲಿ ಹೊಲಗಳು ಕೆಂಪಾಗಿ ಕಾಣುವುದನ್ನು ನೀವು ನೋಡಿರಬಹುದು. ಕಾಣದ ಅವಕೆಂಪಿಗೆ ಕೆಂಪು ಬಣ್ಣ ಕೊಟ್ಟು ಮುದ್ರಿಸುವ ರೂಢಿ ಅದು.

ಭಾರತದಲ್ಲಿ ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು ಕೇರಳದ ತೆಂಗಿನ ತೋಟಗಳ ಮೇಲೆ. 1970ರ ಆಸುಪಾಸಿನಲ್ಲಿ ವಿಜ್ಞಾನಿ ಪಿಷಾರತ್ ರಾಮ ಪಿಷಾರಟಿ ಅವರ ತಂಡ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ಬೇರುರೋಗ ಹಿಡಿದ ಮರಗಳನ್ನು ಬಣ್ಣದಿಂದ ಗುರುತಿಸಿತು. ದೂರದಿಂದಲೇ ನೆಲವನ್ನು ಓದುವ ದೂರಸಂವೇದಿ ವಿಜ್ಞಾನ ನಮ್ಮ ದೇಶದಲ್ಲಿ ಮೊದಲ ಹೆಜ್ಜೆ ಇಟ್ಟದ್ದು ರೈತನ ತೋಟದಲ್ಲಿ. ಮುಂದಿನ ಕಥೆಯನ್ನು ಓದುವಾಗ ಇದು ನೆನಪಿರಬೇಕು ಎಂಬುದು ನನ್ನ ಆಸೆ.

1972ರ ಜುಲೈ 23ರಂದು ಅಮೆರಿಕವು ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದು 18 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದು ಹೋಗುತ್ತಿತ್ತು. ಮಲಪ್ರಭೆಗೆ ನವಿಲುತೀರ್ಥದ ಬಳಿ ಅಣೆಕಟ್ಟು ಎದ್ದದ್ದೂ ಅದೇ ದಶಕದ ಮೊದಲಲ್ಲಿ. ಈ ಸೀಮೆಯಲ್ಲಿ ದೊಡ್ಡ ನೀರಾವರಿ ಹರಡಿದ್ದು ಮತ್ತು ಆಕಾಶದಿಂದ ನೆಲವನ್ನು ನೋಡುವ ಕೆಲಸ ಶುರುವಾದದ್ದು ಹೆಚ್ಚುಕಡಿಮೆ ಒಟ್ಟಿಗೆ.

ಆದರೆ ಆಗಿನ ಚಿತ್ರ ಎಷ್ಟು ಒರಟು ಎಂಬುದನ್ನು ಮೀಟರುಗಳಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. ನಮ್ಮ ಉತಾರದ (ಪಹಣಿಯ) ಭಾಷೆಯಲ್ಲಿ, ಎಕರೆ–ಗುಂಟೆಗಳಲ್ಲಿ ಹೇಳುತ್ತೇನೆ. ಉಪಗ್ರಹ ಚಿತ್ರ ಚುಕ್ಕೆಗಳಿಂದ ಆದದ್ದು. ಒಂದು ಚುಕ್ಕೆಯೊಳಗೆ ಏನೆಲ್ಲ ಇದ್ದರೂ ಅದಕ್ಕೆ ಒಂದೇ ಬಣ್ಣ. ಮೊದಲ ಲ್ಯಾಂಡ್‌ಸ್ಯಾಟ್‌ನ ಚುಕ್ಕೆಯ ಅಗಲ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದ ತಂಡ ಕಟ್ಟಿ, 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ ನಮ್ಮ ಭಾಸ್ಕರ–1ರ ಟಿ.ವಿ. ಕ್ಯಾಮೆರಾಗಳಲ್ಲಿ ಒಂದು ಚುಕ್ಕೆ ಎಂದರೆ ಒಂದು ಚದರ ಕಿಲೋಮೀಟರ್: 247 ಎಕರೆ. ಹೊಲವಲ್ಲ, ಊರೇ ಅದರಲ್ಲಿ ಕರಗಿಹೋಗುತ್ತದೆ. ಆದರೂ ಇಂಥ ಉಪಗ್ರಹವನ್ನು ಕಟ್ಟುವುದು, ಚಿತ್ರವನ್ನು ಕೆಳಗಿಳಿಸಿಕೊಳ್ಳುವುದು, ಓದುವುದು ಎಲ್ಲವನ್ನೂ ನಮ್ಮವರು ಕಲಿತದ್ದು ಅದರಿಂದಲೇ.

1988ರ ಮಾರ್ಚ್ 17ರಂದು ಬೈಕನೂರಿನಿಂದ ನಮ್ಮ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಹಾರಿತು. 22 ದಿನಕ್ಕೊಮ್ಮೆ ಅದೇ ನೆಲವನ್ನು ನೋಡುತ್ತಿದ್ದ ಈ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಚುಕ್ಕೆ ಒಂದು ಎಕರೆ ಹನ್ನೆರಡು ಗುಂಟೆ, ಇನ್ನೊಂದರಲ್ಲಿ ಹದಿಮೂರು ಗುಂಟೆ. ಅದು ಹಾರುವ ಹಿಂದಿನ ವರ್ಷ, 1987ರಲ್ಲಿ, ದೇಶ ಭೀಕರ ಬರ ಕಂಡಿತ್ತು. ಬೆಳೆಯ ಸ್ಥಿತಿಯನ್ನು ಉಪಗ್ರಹದ ಹಸಿರು ಸೂಚ್ಯಂಕದಿಂದ ಅಳೆದು ಬರದ ತೀವ್ರತೆ ಹೇಳುವ ವ್ಯವಸ್ಥೆ ಆ ದಿನಗಳಲ್ಲಿಯೇ ರೂಪುಗೊಂಡಿತು. 1995ರ ಡಿಸೆಂಬರಿನ ಐಆರ್‌ಎಸ್–1ಸಿ ಬಂದಾಗ ಬಣ್ಣದ ಚಿತ್ರದ ಚುಕ್ಕೆ ಐದೂವರೆ ಗುಂಟೆಗೆ ಇಳಿದಿತ್ತು. ಅದರ ಕಪ್ಪು–ಬಿಳುಪು ಕ್ಯಾಮೆರಾದ 5.8 ಮೀಟರ್ ಚುಕ್ಕೆಗೆ ಆಗ ಜಗತ್ತಿನ ಯಾವ ನಾಗರಿಕ ಉಪಗ್ರಹವೂ ಸಮವಾಗಿರಲಿಲ್ಲ. 2015ರಲ್ಲಿ ಯುರೋಪಿನ ಸೆಂಟಿನೆಲ್–2ಎ, 2017ರಲ್ಲಿ ಅದರ ಜೋಡಿ 2ಬಿ ಹಾರಿದವು. ಇವುಗಳ ಚುಕ್ಕೆ 10 ಮೀಟರ್. ಹತ್ತು ಹತ್ತಲಿ ನೂರು ಚದರ ಮೀಟರ್ ಎಂದರೆ ಸರಿಸುಮಾರು ಒಂದು ಗುಂಟೆ. ಅದೂ ಐದು ದಿನಕ್ಕೊಮ್ಮೆ. ಇನ್ನೂರ ನಲವತ್ತೇಳು ಎಕರೆಯಿಂದ ಒಂದು ಗುಂಟೆಗೆ ಬರಲು ನಾಲ್ಕು ದಶಕ ಬೇಕಾಗಲಿಲ್ಲ.

ಸವಳು ನೆಲದ ನಕ್ಷೆಯನ್ನು ದೇಶ ಮಾಡಿಲ್ಲವೆಂದಲ್ಲ. 1990ರ ದಶಕದ ನಡುವೆ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳನ್ನು ಆಧರಿಸಿ, ಬೇರೆ ಸಂಸ್ಥೆಗಳ ಜೊತೆ ಇಡೀ ದೇಶದ ಸವಳು ನೆಲವನ್ನು ಗುರುತಿಸಿತು. ಅದು 1:2,50,000 ಪ್ರಮಾಣದ ನಕ್ಷೆ. ಕಾಕಾನ ಎರಡು ಎಕರೆ ಅಂಥ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿಗೂ ಚಿಕ್ಕದು. ದಿಲ್ಲಿಯಲ್ಲಿ ಕೂತು ಯಾವ ರಾಜ್ಯಕ್ಕೆ ಎಷ್ಟು ಹಣ ಎಂದು ಯೋಚಿಸುವವರಿಗೆ ಅದು ಸಾಕು. ಬಸಿಗಾಲುವೆಯನ್ನು ಎಲ್ಲಿ ಅಗೆಯಬೇಕು ಎಂದು ಕೇಳುವವರಿಗೆ ಸಾಲದು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಬೆಳ್ಳಗೆ ಹೊಳೆಯುವುದೆಲ್ಲ ಸವಳಲ್ಲ. ಹೊಳೆಯ ಮರಳೂ ಹೊಳೆಯುತ್ತದೆ, ಜೋಳ ಕೊಯ್ದು ಒಣಗಿದ ಕೂಳೆಯ ಹೊಲವೂ ಮಾಸಲು ಬಿಳುಪಾಗಿ ಕಾಣುತ್ತದೆ, ಸುಣ್ಣಕಲ್ಲಿನ ಬಯಲೂ ಹಾಗೆಯೇ. ಅದಕ್ಕಿಂತ ಕಷ್ಟದ್ದು, ಇನ್ನೂ ಬಿಳಿಯಾಗದ ಸವಳು. ಮಣ್ಣಿನ ಉಪ್ಪು ಬೆಳೆಯ ಇಳುವರಿ ತಿನ್ನುವಷ್ಟು ಏರಿದ್ದರೂ ಮೇಲೆ ಕಬ್ಬು ನಿಂತಿದ್ದರೆ ಉಪಗ್ರಹಕ್ಕೆ ಕಬ್ಬೇ ಕಾಣುತ್ತದೆ. ಹಾಗಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಉಪ್ಪು ಮೇಲೇಳುವ ಕಾಲದ ಚಿತ್ರಗಳನ್ನೇ ಆರಿಸಬೇಕು. ಆ ಚಿತ್ರ ಹಿಡಿದು ಹೊಲಕ್ಕೆ ಹೋಗಬೇಕು, ಮಣ್ಣು ಅಗೆದು ಪ್ರಯೋಗಾಲಯಕ್ಕೆ ಕೊಡಬೇಕು. ಹೀಗೆ ನೆಲಕ್ಕೆ ಹೋಗಿ ತಾಳೆ ನೋಡದ ನಕ್ಷೆಯನ್ನು ನಾನು ನಂಬುವುದಿಲ್ಲ. ಅದು ಎಷ್ಟೇ ಚೆಂದದ ಬಣ್ಣಗಳಲ್ಲಿರಲಿ.

ವಿಜಯಪುರದ ಹಸಿರಿನ ಲೆಕ್ಕವೂ ಇದನ್ನೇ ಕಲಿಸುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ಅದು ಒಂದು. ದೇಶದ ಅರಣ್ಯ ಸ್ಥಿತಿ ವರದಿ 1987ರಿಂದ ಉಪಗ್ರಹ ಚಿತ್ರಗಳ ಆಧಾರದಲ್ಲಿ ಬರುತ್ತಿದೆ. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾದ, ಮರಗಳ ಕೊಡೆ ಶೇ 10ಕ್ಕಿಂತ ಹೆಚ್ಚು ಹರಡಿದ ಯಾವ ನೆಲವಾದರೂ ಅದರ ಲೆಕ್ಕದಲ್ಲಿ ಅರಣ್ಯ ಹೊದಿಕೆಯೇ, ಒಡೆತನ ಯಾರದೇ ಇರಲಿ. ಅಲ್ಲಿನ ಇಂಡಿ ತಾಲ್ಲೂಕಿನಲ್ಲಿ ದಟ್ಟವಾಗಿ ಬೆಳೆದ ಹಣ್ಣಿನ ತೋಟ ಈ ಲೆಕ್ಕದಲ್ಲಿ ಸೇರಿಬಿಡಬಹುದು. ರಸ್ತೆಯ ಇಕ್ಕೆಲದ ಬೇವಿನ ಸಾಲು ಹೊರಗೆ ಉಳಿಯಬಹುದು. ಖಾನಾಪುರದ ಭೀಮಗಡದ ಕಾಡಿಗೂ ತೋಟದ ಹಸಿರಿಗೂ ಇರುವ ಅಂತರ ಈ ಒಂದು ಅಂಕಿಯಲ್ಲಿ ಕಾಣುವುದಿಲ್ಲ. ಹಸಿರು ಹೆಚ್ಚಾಯಿತು ಎಂಬ ಸುದ್ದಿ ಓದಿದಾಗಲೆಲ್ಲ ಯಾವ ಹಸಿರು ಎಂದು ಕೇಳಬೇಕು.

ಆಲಮಟ್ಟಿಯ ಕಥೆಯಲ್ಲಿ ಅಂಥ ಅನುಮಾನವಿಲ್ಲ, ನೀರು ನೀರೇ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್–5 ಮೂರು ದಶಕಗಳ ಹತ್ತಿರ ಕೆಲಸ ಮಾಡಿತು. ತೊಂಬತ್ತರ ದಶಕದ ಮೊದಲ ಚಿತ್ರಗಳಲ್ಲಿ ಕೃಷ್ಣೆ ಮತ್ತು ಘಟಪ್ರಭೆಯ ತೆಳು ಗೆರೆಗಳು, ಎರೆ ಹೊಲಗಳು, ಹಳೆಯ ಬಾಗಲಕೋಟೆ. 2000ದ ನಂತರದ ಚಿತ್ರಗಳಲ್ಲಿ ಗೆರೆಗಳು ಊದಿಕೊಂಡು ಕಪ್ಪು ಹರವಾಗುತ್ತವೆ, ಊರಿನ ಅಂಚು ನೀರಿನೊಳಗೆ ಹೋಗುತ್ತದೆ, ಪಕ್ಕದಲ್ಲಿ ನವನಗರದ ಚೌಕಗಳು ಮೂಡುತ್ತವೆ. 519.6 ಮೀಟರ್ ಮಟ್ಟದ ನೀರು ಯಾವ ಹೊಲದವರೆಗೆ ಬಂತು ಎಂಬುದು ಅಲ್ಲಿ ಚುಕ್ಕೆ ಚುಕ್ಕೆಯಾಗಿ ಇದೆ. 2016ರಲ್ಲಿ ಯುರೋಪಿನ ವಿಜ್ಞಾನಿಗಳು 1984ರಿಂದ 2015ರವರೆಗಿನ 30 ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಜಾಲಾಡಿ ಜಗತ್ತಿನ ಮೇಲ್ಮೈ ನೀರಿನ ನಕ್ಷೆ ಮಾಡಿದರು. ಮುಳುಗಡೆಯಾದ ಮನೆಯಲ್ಲಿ ಹುಟ್ಟಿ ಬೆಳೆದವರು ಅಂಥ ಚಿತ್ರಗಳ ಮುಂದೆ ಸುಮ್ಮನೆ ಕೂತುಬಿಡುವುದನ್ನು ನಾನು ಕಂಡಿದ್ದೇನೆ.

ಮೋಡದ ಕಾಲದಲ್ಲಿ ಈ ಕ್ಯಾಮೆರಾಗಳು ಕುರುಡು. ಮೋಡವನ್ನು ದಾಟಿ ನೋಡುವುದು ರಾಡಾರ್. ತನ್ನದೇ ಅಲೆಯನ್ನು ಕಳಿಸಿ ಮರಳಿ ಬಂದದ್ದನ್ನು ಅಳೆಯುತ್ತದೆ. ನಿಂತ ನೀರು ಅಲೆಯನ್ನು ಆಚೆಗೆ ಜಾರಿಸುವುದರಿಂದ ಚಿತ್ರದಲ್ಲಿ ಕಪ್ಪಾಗುತ್ತದೆ. ನಮ್ಮ ರಿಸ್ಯಾಟ್–1 ಹಾರಿದ್ದು 2012ರಲ್ಲಿ, ಯುರೋಪಿನ ಸೆಂಟಿನೆಲ್–1ಎ 2014ರಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದಂಥ ದಿನಗಳಲ್ಲಿ ನೆರೆಯ ಹರವನ್ನು ಕಾಣಿಸಬಲ್ಲದ್ದು ಇಂಥ ಕಣ್ಣೇ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್, ನಾಸಾ ಮತ್ತು ಇಸ್ರೋ ಕೂಡಿ ಕಟ್ಟಿದ್ದು, 12 ದಿನಕ್ಕೊಮ್ಮೆ ಅದೇ ನೆಲವನ್ನು ಎರಡು ಬಗೆಯ ರಾಡಾರ್ ಅಲೆಗಳಲ್ಲಿ ನೋಡುವಂತೆ ರೂಪಿಸಿದ್ದು. ಮಣ್ಣಿನ ತೇವವನ್ನು ಅಂದಾಜು ಮಾಡುವುದೂ ಅದರ ಕೆಲಸಗಳಲ್ಲಿ ಒಂದು. ಸವಳಿಗೆ ಮೊದಲು ಬರುವುದು ಜವಳು. ಅದನ್ನೇ ಮುಂಚಿತವಾಗಿ ಕಂಡುಹಿಡಿಯಲು ಇದು ನೆರವಾದರೆ ಈ ಸೀಮೆಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಈ ಇತಿಹಾಸದಲ್ಲಿ ರಾಕೆಟ್ ಹಾರಿದ ದಿನಗಳಷ್ಟೇ ದೊಡ್ಡ ದಿನ ಇನ್ನೊಂದಿದೆ. ಒಂದು ಕಾಲಕ್ಕೆ ಲ್ಯಾಂಡ್‌ಸ್ಯಾಟ್‌ನ ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತ್ತು. 2008ರಲ್ಲಿ ಅಮೆರಿಕ ಆ ಇಡೀ ಭಂಡಾರವನ್ನು ಉಚಿತ ಮಾಡಲು ತೀರ್ಮಾನಿಸಿತು. ಮರುವರ್ಷ ಉಪಗ್ರಹ ಚಿತ್ರಗಳನ್ನು ನೋಡಬಹುದಾದ ಇಸ್ರೋದ ಭುವನ್ ಜಾಲತಾಣ ಬಂತು. ಭಾರತೀಯ ಬಾಹ್ಯಾಕಾಶ ನೀತಿ 2023ರ ಪ್ರಕಾರ ಸರ್ಕಾರಿ ಉಪಗ್ರಹಗಳ 5 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಚುಕ್ಕೆಯ ದತ್ತಾಂಶ ಎಲ್ಲರಿಗೂ ಉಚಿತ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್‌ನಲ್ಲಿ ಹೊಲದಲ್ಲಿ ನಿಂತೇ ಸರ್ವೆ ನಂಬರ್ ನೋಡಬಹುದು. ಸವಳಿನ ಚಿತ್ರವೂ ಸರ್ವೆ ನಂಬರಿನ ಗೆರೆಯೂ ಬೇರೆ ಬೇರೆ ಕಡೆ ಇವೆ. ಅವೆರಡನ್ನೂ ಕೂಡಿಸಿ, ಕನ್ನಡದಲ್ಲಿ, ವರ್ಷವಾರು, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವ ಕೆಲಸ ಆಗಬೇಕು. ಹಣಕ್ಕಿಂತ ಹೆಚ್ಚಾಗಿ ಅದಕ್ಕೆ ಬೇಕಾದದ್ದು ಮನಸ್ಸು.

ಎರಡನೆಯ ಸಲ ಹೋದಾಗ ಲ್ಯಾಪ್‌ಟಾಪಿನಲ್ಲಿ ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಇಳಿಸಿಕೊಂಡು ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಕಾಕಾನಿಗೆ ಒಂದೊಂದಾಗಿ ತೋರಿಸಿದೆ. 30 ಮೀಟರ್ ಚುಕ್ಕೆಯ ಆ ಚಿತ್ರಗಳಲ್ಲಿ ಅವರ ಬೋಳು ಜಾಗ ಒಂಬತ್ತು ಚುಕ್ಕೆ. ತೊಂಬತ್ತರ ದಶಕದ ಮೊದಲಲ್ಲಿ ಆ ಒಂಬತ್ತೂ ಸುತ್ತಲಿನ ಹೊಲದ ಬಣ್ಣದಲ್ಲೇ ಇದ್ದವು. ಮುಂದಿನ ಚಿತ್ರಗಳಲ್ಲಿ ಈಶಾನ್ಯ ಮೂಲೆಯ ಎರಡು ಮಾಸಿದವು, ಆಮೇಲೆ ನಾಲ್ಕು. ನಾನು ವರ್ಷ ಗುರುತು ಹಾಕಿಕೊಳ್ಳುತ್ತಿದ್ದೆ. ಅವರು ಚುಕ್ಕೆಗಳನ್ನು ನೋಡುತ್ತಲೇ ಇರಲಿಲ್ಲ. ಮೊದಲ ಚಿತ್ರಕ್ಕೇ ಹಿಂತಿರುಗಲು ಹೇಳಿ, ಅದರಲ್ಲಿ ಹೊಲದ ಬದಿಯಿಂದ ಹೊಳೆಯ ಕಡೆಗೆ ಹೊರಟ ಒಂದು ಮಸುಕು ಗೆರೆಯ ಮೇಲೆ ಬೆರಳಿಟ್ಟರು.

“ಇದು ಹಳ್ಳ. ದಂಡೆಗುಂಟ ಜಾಲಿ ಇತ್ತು. ಮೇಲಿನ ಹೊಲಗಳ ನೀರೆಲ್ಲ ಇದರಲ್ಲೇ ಹೋಗುತ್ತಿತ್ತು. ಕಬ್ಬಿಗೆ ಜಾಗ ಬೇಕೆಂದು ಎಲ್ಲರೂ ಕೂಡಿ ಇದನ್ನು ಮುಚ್ಚಿದೆವು, ನಾನೂ ಮುಚ್ಚಿದೆ.”

ಮುಂದಿನ ಚಿತ್ರಗಳಲ್ಲಿ ಆ ಗೆರೆ ಇರಲಿಲ್ಲ. ಮರುದಿನ ಅವರು ತಲಾಟಿಯ (ಗ್ರಾಮ ಲೆಕ್ಕಿಗರ) ಬಳಿಯಿಂದ ಗ್ರಾಮನಕ್ಷೆಯ ಪ್ರತಿ ತರಿಸಿದರು. ಹಳ್ಳ ಅದರಲ್ಲಿ ಇನ್ನೂ ಹರಿಯುತ್ತಿತ್ತು. ಆರು ಸರ್ವೆ ನಂಬರುಗಳನ್ನು ದಾಟಿ ಹೊಳೆ ಸೇರುತ್ತಿತ್ತು. ಅವರು ಪೆನ್ಸಿಲ್ಲಿನಿಂದ ಆ ಆರು ಹೊಲಗಳ ಒಡೆಯರ ಹೆಸರನ್ನು ಅಂಚಿನಲ್ಲಿ ಬರೆಯತೊಡಗಿದರು.