ಹಂಗೇರಿಯ ಕೆಂಪು ವೈನ್‌ಗಳೂ ಒಗರಿನ ಲೆಕ್ಕವೂ

ನೇರಳೆ ಹಣ್ಣು ತಿಂದಾಗ ಮೊದಲು ಹುಳಿ-ಸಿಹಿ ಗೊತ್ತಾಗುತ್ತದೆ. ಆಮೇಲೆ ನಾಲಿಗೆ ದೊರಗಾಗಿ, ಕೆನ್ನೆಯ ಒಳಭಾಗ ಬಿಗಿದ ಹಾಗಾಗುತ್ತದೆ. ಅದಕ್ಕೆ ನಮ್ಮಲ್ಲಿ ಒಗರು ಎಂಬ ಪುಟ್ಟ, ಖಚಿತವಾದ ಪದವಿದೆ. ಹಂಗೇರಿಯ ಕೆಂಪು ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಕೈಹಿಡಿಯುವುದೂ ಇದೇ ಪದ.

ವೈನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಘಮದಿಂದ ಶುರುಮಾಡುತ್ತಾರೆ: ಚೆರ್ರಿ, ಚಾಕಲೇಟ್, ಒದ್ದೆ ಮಣ್ಣು. ಹೋಲಿಕೆಗೆ ಅದು ಸರಿಯಾದ ಹಾದಿಯಲ್ಲ ಎಂದೇ ನನ್ನ ಅನಿಸಿಕೆ. ಘಮದ ವಿಷಯದಲ್ಲಿ ನಮ್ಮ ಕಣ್ಣೇ ನಮಗೆ ಮೋಸಮಾಡುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈನ್ ತಯಾರಿಕೆಯ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಕೆಂಪು ವೈನ್‌ಗೆ ಬಳಸುವ ಪದಗಳಿಂದಲೇ ಅವರು ಅದರ ಘಮವನ್ನು ಬಣ್ಣಿಸಿದರು. ಒಗರಿಗೆ ಅಷ್ಟು ಪದಗಳೇ ಬೇಡ. ಹೆಚ್ಚೋ ಕಡಿಮೆಯೋ, ನಯವೋ ಒರಟೋ ಎಂದರೆ ಸಾಕು.

ಒಗರಿಗೆ ಕಾರಣ ಗಿಡಗಳಲ್ಲಿರುವ ಟ್ಯಾನಿನ್ ಎಂಬ ವಸ್ತು. ನಮ್ಮ ಜೊಲ್ಲಿನಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಪ್ರೋಟೀನುಗಳಿವೆ. ಬಾಯಿಯನ್ನು ಜಾರುಜಾರಾಗಿ ಇಡುವ ಜೊಲ್ಲಿನ ಪದರದಲ್ಲಿ ಅವೂ ಸೇರಿರುತ್ತವೆ. ಟ್ಯಾನಿನ್ ಬಂದು ಅವುಗಳಿಗೆ ಅಂಟಿಕೊಂಡರೆ ಎರಡೂ ಗರಣೆಗಟ್ಟುತ್ತವೆ, ಜಾರುವ ಪದರ ಕಿತ್ತುಹೋಗುತ್ತದೆ, ನಾಲಿಗೆ ಅಂಗುಳಿಗೆ ಉಜ್ಜುತ್ತದೆ. ಹಾಲು ಹಾಕದ ಕಡು ಚಹಾ ಒಗರೊಗರಾಗಿದ್ದು, ಹಾಲು ಬಿದ್ದೊಡನೆ ಮೆತ್ತಗಾಗುವುದೂ ಇದೇ ಕಾರಣಕ್ಕೆ. ಅಲ್ಲಿ ಟ್ಯಾನಿನ್ ನಮ್ಮ ಜೊಲ್ಲನ್ನು ಬಿಟ್ಟು ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. 2014ರಲ್ಲಿ ಜರ್ಮನಿಯ ಸಂಶೋಧಕರು ಅರಿವಳಿಕೆ ಮದ್ದು ಬಳಸಿ ಬೇರೆ ಬೇರೆ ನರಗಳನ್ನು ಮಂಕಾಗಿಸಿ ನೋಡಿದರು. ರುಚಿಯ ನರವೊಂದು ಮಂಕಾದಾಗಲೂ ಒಗರು ಗೊತ್ತಾಗುತ್ತಿತ್ತು. ಮುಖದ ಸ್ಪರ್ಶ, ಉರಿ, ನೋವುಗಳನ್ನು ಒಯ್ಯುವ ನರವೂ ಮಂಕಾದಾಗ ಮಾತ್ರ ಒಗರು ಮಾಯವಾಯಿತು. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಕೂತಿರುವ ಒಗರು, ವಿಜ್ಞಾನದ ಕಣ್ಣಿನಲ್ಲಿ, ಹೆಚ್ಚಾಗಿ ಮುಟ್ಟಿದ ಅನುಭವ.

ವೈನ್‌ಗೆ ಟ್ಯಾನಿನ್ ಬರುವುದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ಬಣ್ಣವೂ ಸಿಪ್ಪೆಯದೇ, ಬಹುಪಾಲು ಕಪ್ಪು ದ್ರಾಕ್ಷಿಯ ರಸಕ್ಕೆ ಸ್ವಂತ ಬಣ್ಣವಿಲ್ಲ. ಆದ್ದರಿಂದ ಸಿಪ್ಪೆ ತೆಳುವೋ ದಪ್ಪವೋ ಎಂಬುದು ಇಲ್ಲಿ ದೊಡ್ಡ ವಿಷಯ. ಹಂಗೇರಿಯನ್ನರು ಈ ದ್ರಾಕ್ಷಿಗಳನ್ನು ಕಪ್ಪು ಎನ್ನುವುದಿಲ್ಲ, 'ಕೇಕ್' ಎನ್ನುತ್ತಾರೆ. ಅವರ ಭಾಷೆಯಲ್ಲಿ ಹಾಗೆಂದರೆ ನೀಲಿ.

ಮೊದಲ ಲೋಟ ಕದರ್ಕದ್ದಾಗಿರಲಿ. ಬಾಲ್ಕನ್ ಕಡೆಯಿಂದ, ಆಟೋಮನ್ನರ ಕಾಲದಲ್ಲಿ ಉತ್ತರಕ್ಕೆ ವಲಸೆ ಬಂದ ಸರ್ಬಿಯನ್ನರ ಜೊತೆಗೆ ಬಂತೆನ್ನುವ ತಳಿ ಇದು. ಸಿಪ್ಪೆ ತೆಳು, ಹಣ್ಣಾಗುವುದು ತಡ, ಶರತ್ಕಾಲದ ತೇವಕ್ಕೆ ಬೂದು ಬೂಷ್ಟು ಹಿಡಿಯುವುದು ಬಹಳ ಬೇಗ. ಇದೇ ಬೂಷ್ಟು ಹಂಗೇರಿಯ ಈಶಾನ್ಯದ ತೊಕಾಯ್‌ನಲ್ಲಿ ಬಿಳಿ ದ್ರಾಕ್ಷಿಯನ್ನು ಒಣಗಿಸಿ ಪ್ರಖ್ಯಾತ ಸಿಹಿ ವೈನ್ ಕೊಡುತ್ತದೆ. ಕದರ್ಕದ ಬೆಳೆಗಾರನಿಗೆ ಮಾತ್ರ ಅದು ನಷ್ಟ. ತೋಟಗಳಿಂದ ಬಹುಮಟ್ಟಿಗೆ ಮರೆಯಾಗಿದ್ದ ಈ ತಳಿಯನ್ನು ದಕ್ಷಿಣ ಹಂಗೇರಿಯ ಸೆಕ್ಸಾರ್ಡ್ ಕಡೆಯವರು ಮತ್ತೆ ನೆಟ್ಟು ಬೆಳೆಸಿರುವುದು ನನಗೆ ಸಂತೋಷದ ಸಂಗತಿ. ಲೋಟದಲ್ಲಿ ಬಣ್ಣ ತಿಳಿ, ಹುಳಿ ಚುರುಕು, ಒಗರು ಅಲ್ಪ.

ಎರಡನೆಯದು ಕೇಕ್‌ಫ್ರಾಂಕೊಶ್. ಹಂಗೇರಿಯಲ್ಲಿ ಅತಿ ಹೆಚ್ಚು ಬೆಳೆಯುವ ಕೆಂಪು ವೈನ್ ದ್ರಾಕ್ಷಿ ಇದೇ. ಆಸ್ಟ್ರಿಯದವರು ಬ್ಲೌಫ್ರೆಂಕಿಶ್ ಎನ್ನುತ್ತಾರೆ. ಇದರ ಗುರುತು ಹುಳಿ. ಒಗರು ಮಧ್ಯಮ, ಹುಳಿ ಮಾತ್ರ ನೆಟ್ಟಗೆ ಬೆನ್ನೆಲುಬಿನಂತೆ ನಿಂತಿರುತ್ತದೆ. ಸವಿದವರು ಕಾಳುಮೆಣಸಿನ ಘಮವನ್ನೂ ಹೇಳುವುದುಂಟು. ಅದು ಬರೀ ಕಲ್ಪನೆ ಆಗಬೇಕಿಲ್ಲ. ಶಿರಾಜ್ ದ್ರಾಕ್ಷಿಯ ಮೆಣಸಿನ ಘಮಕ್ಕೆ ಕಾರಣವಾದ ರೋಟುಂಡೋನ್ ಎಂಬ ಅಣುವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬುವ ಕಾಳುಮೆಣಸಿನ ಘಮದಲ್ಲೂ ಅದೇ ಅಣುವಿದೆ. ಒಂದು ಲೀಟರ್ ಕೆಂಪು ವೈನ್‌ನಲ್ಲಿ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ 16 ಭಾಗದಷ್ಟಿದ್ದರೂ ಮೂಗು ಹಿಡಿಯುತ್ತದೆ. ಆದರೆ ಆ ಪ್ರಯೋಗದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಎಷ್ಟೋ ಪಟ್ಟು ಹೆಚ್ಚು ಬೆರೆಸಿದರೂ, ಏನೂ ಗೊತ್ತಾಗಲಿಲ್ಲ. ಒಂದೇ ಬಾಟಲಿ ಮುಂದೆ ಕೂತ ಇಬ್ಬರು ಮೆಣಸಿನ ಘಮ ಇದೆ, ಇಲ್ಲ ಎಂದು ವಾದಿಸಿದರೆ ಇಬ್ಬರ ಮಾತೂ ನಿಜವಿರಬಹುದು.

ಮೂರನೆಯದಕ್ಕೆ ದಕ್ಷಿಣದ ವಿಲಾನ್ಯಕ್ಕೆ ಹೋಗಬೇಕು. ಉತ್ತರದ ಎಗೆರ್‌ಗಿಂತ ಎರಡು ಅಕ್ಷಾಂಶ ಕೆಳಗೆ, ಸುಣ್ಣಕಲ್ಲಿನ ಗುಡ್ಡಗಳ ತಪ್ಪಲು, ದೇಶದ ಬೆಚ್ಚನೆಯ ಮೂಲೆ. ಇಲ್ಲಿ ಹೆಸರು ಮಾಡಿರುವುದು ಫ್ರಾನ್ಸ್ ಕಡೆಯಿಂದ ಬಂದ ಕ್ಯಾಬರ್ನೆ ಫ್ರಾಂಕ್. ಈ ದ್ರಾಕ್ಷಿ ಸರಿಯಾಗಿ ಮಾಗದಿದ್ದರೆ ಹಸಿರು ದೊಣ್ಣೆಮೆಣಸಿನಕಾಯಿಯ ವಾಸನೆ ಹೊಡೆಯುತ್ತದೆ. ಎರಡರಲ್ಲೂ ಇರುವುದು ಪೈರಜಿನ್ ಗುಂಪಿನ ಒಂದೇ ಅಣು. ಬಿಸಿಲು ಬಿದ್ದು ಹಣ್ಣು ಮಾಗಿದಂತೆ ಅದು ಕಡಿಮೆಯಾಗುತ್ತದೆ. ವಿಲಾನ್ಯದ ಬೇಸಿಗೆ ಆ ಕೆಲಸ ಮಾಡುತ್ತದೆ. ಒಗರು ಮೂರರಲ್ಲಿ ಇದರದ್ದೇ ಹೆಚ್ಚು, ಆದರೆ ಒಳ್ಳೆಯ ವರ್ಷದಲ್ಲಿ ನಯವಾಗಿರುತ್ತದೆ.

ಸವಿಯುವ ಕ್ರಮ ಹಿಂದುಮುಂದಾಗಬಾರದು. ಒಗರು ಗುಟುಕಿನಿಂದ ಗುಟುಕಿಗೆ ಏರುತ್ತ ಹೋಗುತ್ತದೆ. ಜೊಲ್ಲು ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ಕ್ಯಾಬರ್ನೆ ಫ್ರಾಂಕ್ ಮೊದಲು ಕುಡಿದರೆ ಕದರ್ಕ ಬರೀ ಹುಳಿನೀರಿನಂತೆ ಕಂಡೀತು, ಅದು ಕದರ್ಕಕ್ಕೆ ಮಾಡಿದ ಅನ್ಯಾಯ. ನಡುವೆ ಸಪ್ಪೆ ಬ್ರೆಡ್ಡಿನ ಒಂದು ತುತ್ತು, ಒಂದೆರಡು ನಿಮಿಷದ ಬಿಡುವು ಇರಲಿ. ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಒಳ್ಳೆಯದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಮೇಜಿನ ಮೇಲಿಟ್ಟ ಬಾಟಲಿಯಿಂದ ಮೊದಲು ಮೂಗಿಗೆ ಬಡಿಯುವುದು ಆಲ್ಕೋಹಾಲಿನ ಘಾಟು.

ಮೂರನ್ನೂ ಬಲ್ಲ ನಾಲಿಗೆಗೆ ಬಿಕವೇರ್ ಬೇರೆಯಾಗಿ ಕಾಣುತ್ತದೆ. ಬಿಕವೇರ್ ಎಂದರೆ ಹೋರಿಯ ರಕ್ತ. ಎಗೆರ್ ಮತ್ತು ಸೆಕ್ಸಾರ್ಡ್‌ಗಳಲ್ಲಿ ಹಲವು ತಳಿ ಬೆರೆಸಿ ಮಾಡುವ ವೈನ್. 1552ರಲ್ಲಿ ಇಶ್ತ್ವಾನ್ ದೋಬೊನ ಮುಂದಾಳ್ತನದಲ್ಲಿ ಸುಮಾರು 2000 ಮಂದಿ ಎಗೆರ್ ಕೋಟೆಯನ್ನು ಆಟೋಮನ್ ಸೈನ್ಯದಿಂದ ಉಳಿಸಿಕೊಂಡರು. ಅವರ ಗಡ್ಡದಲ್ಲಿ ಇಳಿಯುತ್ತಿದ್ದ ಕೆಂಪು ವೈನನ್ನು ಶತ್ರುಗಳು ಹೋರಿಯ ರಕ್ತವೆಂದು ಬಗೆದು ಹೆದರಿದರು ಎಂಬುದು ಕಥೆ. ಆದರೆ ಆ ಹೆಸರು ವೈನ್‌ಗೆ ಅಂಟಿದ್ದು 19ನೇ ಶತಮಾನದಲ್ಲಿ. ಕೋಟೆ ಉಳಿಸಿದವರ ಧೈರ್ಯಕ್ಕೆ ಕಥೆಯ ಆಸರೆ ಬೇಕಿಲ್ಲ. ಬಿಕವೇರ್ ಸವಿಯುವಾಗ ಕೇಕ್‌ಫ್ರಾಂಕೊಶ್‌ನ ಹುಳಿಯನ್ನು ಹುಡುಕಿ. ಬೆರಕೆಯನ್ನು ಎತ್ತಿ ಹಿಡಿದಿರುವುದು ಸಾಮಾನ್ಯವಾಗಿ ಅದೇ.

ಊಟದ ಜೊತೆ ಯಾವುದು ಎಂದರೆ, ಖಾರ ತಿನ್ನುವವರಿಗೆ ನಾನು ಕದರ್ಕವನ್ನೇ ಹೇಳುತ್ತೇನೆ. ಮೆಣಸಿನಕಾಯಿಯ ಖಾರವೂ ನಾಲಿಗೆಯ ರುಚಿಯಲ್ಲ, ಉರಿ. ಒಗರನ್ನು ಒಯ್ಯುವ ನರವೇ ಅದನ್ನೂ ಒಯ್ಯುತ್ತದೆ. ಉರಿಯುವ ಬಾಯಿಗೆ ಕಡು ಒಗರಿನ ವೈನ್ ಸುರಿದರೆ ಎರಡೂ ಸೇರಿ ಚುಚ್ಚುತ್ತವೆ. ಸೆಕ್ಸಾರ್ಡ್‌ಗೆ ಹತ್ತಿರದಲ್ಲೇ, ಡ್ಯಾನ್ಯೂಬ್ ದಂಡೆಯ ಬಾಯಾ ಎಂಬ ಊರಿನವರು ಗೆಂಡೆ ಮೀನು, ಈರುಳ್ಳಿ, ಕೈತುಂಬ ಪಾಪ್ರಿಕಾ ಪುಡಿ ಹಾಕಿ ಕೆಂಪಗೆ ಕುದಿಸುವ ಸಾರಿಗೆ ಹಲಾಸ್ಲೇ ಎಂದು ಹೆಸರು. ಶಾವಿಗೆಯಂಥ ಸಣ್ಣ ಎಳೆಗಳ ಮೇಲೆ ಅದನ್ನು ಬಿಸಿಬಿಸಿ ಸುರಿದುಕೊಂಡು ಉಣ್ಣುವಾಗ ಪಕ್ಕದಲ್ಲಿರಬೇಕಾದದ್ದು ಸ್ವಲ್ಪ ತಣ್ಣಗಿರುವ ಕದರ್ಕ.