ನೆಗೆಟಿವ್ ಅಂದ ಮೇಲೆ ಅದು ಶಿಕ್ಷೆಯೇ ಅಲ್ವಾ?

ಪ್ರಶ್ನೆ: ಸೈಕಾಲಜಿ ಓದಲು ಈಗಷ್ಟೇ ಶುರು ಮಾಡಿದ್ದೇನೆ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಮತ್ತು ಶಿಕ್ಷೆ ಎರಡೂ ನನಗೆ ಒಂದೇ ಥರ ಕಾಣುತ್ತವೆ. ಪ್ರತಿ ಟೆಸ್ಟ್‌ನಲ್ಲೂ ಇಲ್ಲೇ ಅಂಕ ಹೋಗುತ್ತದೆ. ಸರಳವಾಗಿ ತಿಳಿಸುತ್ತೀರಾ?

ಉತ್ತರ: ಎರಡೂ ಒಂದೇ ಅಲ್ಲ. ಒಂದಕ್ಕೊಂದು ಪೂರಾ ಉಲ್ಟಾ. ಶಿಕ್ಷೆಯಿಂದ ವರ್ತನೆ ಕಡಿಮೆಯಾಗುತ್ತದೆ. ರೀಇನ್‌ಫೋರ್ಸ್‌ಮೆಂಟ್‌ನಿಂದ, ಅದು ಪಾಸಿಟಿವ್ ಇರಲಿ ನೆಗೆಟಿವ್ ಇರಲಿ, ವರ್ತನೆ ಜಾಸ್ತಿಯಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಪುನರ್ಬಲನ ಅನ್ನುತ್ತಾರೆ. ‘ಬಲ’ ಅನ್ನುವ ಮಾತು ಅದರೊಳಗೇ ಇದೆ, ನೋಡಿ. ಬಲ ಕೊಡುವಂಥದ್ದು ಶಿಕ್ಷೆ ಹೇಗಾದೀತು?

ಗೊಂದಲವೆಲ್ಲ ‘ನೆಗೆಟಿವ್’ ಅನ್ನುವ ಪದದ್ದು. ದಿನದ ಮಾತಿನಲ್ಲಿ ನೆಗೆಟಿವ್ ಅಂದರೆ ಕೆಟ್ಟದ್ದು. ಇಲ್ಲಿ ಹಾಗಲ್ಲ. ಲೆಕ್ಕದಲ್ಲಿ ಬರುವ ಕೂಡು, ಕಳೆ ಗುರುತು ಅಂದುಕೊಳ್ಳಿ. ವರ್ತನೆಯ ಬೆನ್ನಿಗೇ ಏನೋ ಬಂದು ಸೇರಿಕೊಂಡರೆ ಪಾಸಿಟಿವ್. ಅಲ್ಲಿಯವರೆಗೆ ಇದ್ದದ್ದು ಹೋದರೆ ನೆಗೆಟಿವ್. ಅಷ್ಟೇ.

ಕಾರಿನಲ್ಲಿ ಕೂರುತ್ತೀರಿ. ಬೆಲ್ಟ್ ಹಾಕಿಲ್ಲ. ಕೀಂ ಕೀಂ ಶುರುವಾಗುತ್ತದೆ. ಗಾಡಿ ಹೊರಟ ಮೇಲೂ ಬಿಡುವುದಿಲ್ಲ. ಕೈ ಹೆಗಲ ಕಡೆ ಹೋಗಿ ಬೆಲ್ಟ್ ಎಳೆಯುತ್ತದೆ, ಕೊಂಡಿ ಟಕ್ ಅಂತ ಕೂರುತ್ತದೆ, ಸದ್ದು ನಿಲ್ಲುತ್ತದೆ. ಹಾಗೆ ನಿಂತಿತಲ್ಲ, ಅದೇ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಕಿರಿಕಿರಿ ಹೋಯಿತು, ಬೆಲ್ಟ್ ಹಾಕುವುದಕ್ಕೆ ಬಲ ಬಂತು. ಸ್ವಲ್ಪ ದಿನ ಹೋದರೆ ಸದ್ದು ಬರುವ ಮೊದಲೇ ಬೆಲ್ಟ್ ಹಾಕಿರುತ್ತೀರಿ. ಬಂದ ಕಿರಿಕಿರಿಯಿಂದ ಪಾರಾಗುವುದು ಒಂದು, ಬಾರದಂತೆ ತಪ್ಪಿಸುವುದು ಇನ್ನೊಂದು. ಎರಡೂ ಇದೇ ಗುಂಪಿಗೆ ಸೇರುತ್ತವೆ.

ಈ ವಿಚಾರದ ಬೇರು ಹಳೆಯದು. 1898ರಲ್ಲಿ ಸೈಕಾಲಜಿಸ್ಟ್ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಬಿಟ್ಟು ನೋಡಿದರು. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಒದ್ದಾಡುತ್ತದೆ. ಹೇಗೋ ಒಮ್ಮೆ ಅಗುಳಿ ಕಳಚಿ ಹೊರಗೆ ಬರುತ್ತದೆ. ಮತ್ತೆ ಮತ್ತೆ ಹಾಕಿದಂತೆ ಸುಮ್ನೆ ಪರಚುವುದು ಕಡಿಮೆಯಾಗಿ, ಹೊರಗೆ ಬರಲು ನೆರವಾದ ಕೆಲಸವೇ ಬೇಗ ಬರುತ್ತದೆ. ಒಳ್ಳೆಯ ಫಲ ಕೊಟ್ಟ ವರ್ತನೆ ಉಳಿಯುತ್ತದೆ ಅನ್ನುವ ಈ ಮಾತನ್ನು ಇನ್ನೊಬ್ಬ ಸೈಕಾಲಜಿಸ್ಟ್ ಬಿ. ಎಫ್. ಸ್ಕಿನ್ನರ್ ಮುಂದೆ ಬೆಳೆಸಿದರು. ನಿಮಗೆ ಸಮಾಧಾನ ಕೊಡುವ ಒಂದು ಸಂಗತಿ ಇದೆ. 1938ರ ಪುಸ್ತಕದಲ್ಲಿ ಸ್ಕಿನ್ನರ್ ಅವರೇ ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ ಅನ್ನುವುದನ್ನು ಶಿಕ್ಷೆಯ ಅರ್ಥದಲ್ಲಿ ಬಳಸಿದ್ದರು. ಈಗಿನ ಅರ್ಥ ಅವರ 1953ರ ಪುಸ್ತಕದಲ್ಲಿ ಬಂತು. ಹಾಗಾಗಿ ನೀವು ಎಡವಿದ ಕಡೆ ದೊಡ್ಡವರೂ ಒಮ್ಮೆ ಬೇರೆ ದಾರಿ ಹಿಡಿದಿದ್ದರು.

ಆದರೆ ಇದನ್ನು ಬರೀ ಅಂಕಕ್ಕೋಸ್ಕರ ಕಲಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಎಷ್ಟೋ ಬಿಡಲಾಗದ ಅಭ್ಯಾಸಗಳ ಒಳಗುಟ್ಟು ಇಲ್ಲೇ ಇದೆ.

ಮಗು ಫೋನ್ ಬೇಕು ಅಂತ ಅಳುತ್ತಿದೆ ಅಂದುಕೊಳ್ಳಿ. ಅಪ್ಪನಿಗೆ ದಿನವಿಡೀ ಕೆಲಸ ಮಾಡಿ ಸುಸ್ತಾಗಿದೆ. ‘ಇಲ್ಲ’ ಅಂತ ಮೂರು ಸಲ ಹೇಳಿಯಾಯಿತು. ಅಳು ಕಿರುಚಾಟವಾಯಿತು. ಕೊನೆಗೆ ಫೋನ್ ಕೊಟ್ಟುಬಿಡುತ್ತಾನೆ. ಒಮ್ಮೆಲೇ ಮನೆ ತಣ್ಣಗಾಗುತ್ತದೆ. ಅಪ್ಪನ ಹೆಗಲು ಇಳಿಯುತ್ತದೆ, ಉಸಿರು ಸಲೀಸಾಗುತ್ತದೆ. ಮಗು ಏನು ಕಲಿಯಿತು ಅನ್ನುವುದು ಎಲ್ಲರಿಗೂ ಕಾಣುತ್ತದೆ: ಅತ್ತರೆ ಫೋನ್ ಸಿಗುತ್ತದೆ. ಅದು ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್. ಅಪ್ಪನೂ ಅದೇ ಹೊತ್ತಿಗೆ ಒಂದು ಪಾಠ ಕಲಿತ. ಫೋನ್ ಕೊಟ್ಟ, ಅಳು ಹೋಯಿತು. ನಾಳೆ ಅವನ ಕೈ ಇನ್ನೂ ಬೇಗ ಫೋನಿನತ್ತ ಹೋಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಲಿಸುತ್ತಿದ್ದಾರೆ, ಇಬ್ಬರಿಗೂ ಅದು ಗೊತ್ತಿಲ್ಲ. ಇದರಲ್ಲಿ ಅಪ್ಪನನ್ನು ಬೈಯಲು ನನಗೆ ಮನಸ್ಸಿಲ್ಲ. ಸಂಕಟದಿಂದ ಪಾರಾಗಲು ನೋಡುವುದು ಎಲ್ಲ ಜೀವಿಗಳ ಸ್ವಭಾವ.

ಇನ್ನೊಂದು ದಿನ ಅವನು ಗಟ್ಟಿ ಮನಸ್ಸು ಮಾಡಿ ಅರ್ಧ ಗಂಟೆ ತಡೆದು, ಆಮೇಲೆ ಸೋತು ಕೊಟ್ಟರೆ? ಪರಿಸ್ಥಿತಿ ಇನ್ನೂ ಬಿಗಿಯಾಗುತ್ತದೆ. ಒಮ್ಮೊಮ್ಮೆ ಮಾತ್ರ ಫಲ ಸಿಗುವ ವರ್ತನೆ, ಪ್ರತಿ ಸಲ ಸಿಗುವ ವರ್ತನೆಗಿಂತ ಹಟಮಾರಿ. ಅರ್ಧ ಗಂಟೆ ಅತ್ತರೂ ಸಿಗುತ್ತದೆ ಅಂತ ಮಗುವಿಗೆ ಈಗ ಗೊತ್ತಾಗಿದೆ.

ಭಯದ ವಿಷಯದಲ್ಲಿ ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ನನಗೆ ಒಂದು ಕಾಲದಲ್ಲಿ ಗುರುತಿಲ್ಲದವರಿಗೆ ಫೋನ್ ಮಾಡುವುದು ಅಂದರೆ ಎದೆ ಢವಢವ. ನಂಬರ್ ಒತ್ತಿ, ಕರೆ ಹೋಗುವ ಮೊದಲೇ ಅಳಿಸುತ್ತಿದ್ದೆ. ‘ನಾಳೆ ಮಾಡಿದರಾಯಿತು’ ಅಂತ ಫೋನನ್ನು ಮಗುಚಿ ಇಟ್ಟ ಕೂಡಲೇ ಎದೆ ಹಗುರ. ಆ ಹಗುರವೇ ನನ್ನನ್ನು ಹಿಡಿದಿಟ್ಟಿತ್ತು. ಮುಂದೂಡಿದಷ್ಟೂ ಮುಂದೂಡುವ ಅಭ್ಯಾಸಕ್ಕೆ ಬಲ, ಭಯಕ್ಕೆ ಆಯಸ್ಸು. ಯಾಕೆಂದರೆ ಕರೆ ಮಾಡಿದರೆ ಏನೂ ಆಗುವುದಿಲ್ಲ ಅಂತ ಕಲಿಯಲು ನಾನು ಅವಕಾಶವನ್ನೇ ಕೊಡಲಿಲ್ಲ. 1947ರಲ್ಲಿ ಸೈಕಾಲಜಿಸ್ಟ್ ಓ. ಹೋಬಾರ್ಟ್ ಮೌರರ್ ಇದನ್ನು ಎರಡು ಹೆಜ್ಜೆಯಾಗಿ ವಿವರಿಸಿದರು. ಮೊದಲು ಯಾವುದೋ ವಸ್ತು ಅಥವಾ ಸಂದರ್ಭಕ್ಕೆ ಭಯ ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ, ತಪ್ಪಿಸಿಕೊಳ್ಳುವುದನ್ನೇ ಗಟ್ಟಿ ಮಾಡುತ್ತದೆ. ವಿಪರೀತ ಭಯಕ್ಕೆ ಚಿಕಿತ್ಸೆ ಕೊಡುವವರು ಭಯದ ವಸ್ತುವಿನ ಹತ್ತಿರ ಮೆಲ್ಲಮೆಲ್ಲಗೆ ಕರೆದೊಯ್ದು, ಓಡಿಹೋಗದೆ ಅಲ್ಲಿ ನಿಲ್ಲಲು ನೆರವಾಗುತ್ತಾರೆ. ಅದಕ್ಕೆ ಎಕ್ಸ್‌ಪೋಶರ್ ಥೆರಪಿ ಅನ್ನುತ್ತಾರೆ.

ಇನ್ನು ನಿಮ್ಮ ಟೆಸ್ಟ್ ವಿಷಯ. ಶಿಕ್ಷೆಯಲ್ಲೂ ಪಾಸಿಟಿವ್, ನೆಗೆಟಿವ್ ಇವೆ, ಅಲ್ಲೇ ತುಂಬ ಜನ ಜಾರುವುದು. ತಪ್ಪು ಮಾಡಿದವನಿಗೆ ಬೈಗುಳ ಬಿದ್ದು ಆ ತಪ್ಪು ಕಡಿಮೆಯಾದರೆ ಪಾಸಿಟಿವ್ ಶಿಕ್ಷೆ. ಬೈಗುಳ ಅಂದರೆ ಪಾಸಿಟಿವ್ ಅಂತ ಕೇಳಲು ವಿಚಿತ್ರ, ಆದರೆ ಅಲ್ಲಿ ಏನೋ ಬಂದು ಸೇರಿತು ತಾನೇ?

ಪ್ರಶ್ನೆ ಓದಿದಾಗ ಮೊದಲು ವರ್ತನೆ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಕೇಳಿಕೊಳ್ಳಿ. ಬಂತೋ ಹೋಯಿತೋ ಅನ್ನುವುದು ಆಮೇಲೆ. ಉದಾಹರಣೆಗೆ, ತಮ್ಮನಿಗೆ ಹೊಡೆದ ಅಣ್ಣನಿಂದ ಆಟದ ಸಾಮಾನು ಕಿತ್ತುಕೊಂಡರು, ಅವನು ಹೊಡೆಯುವುದು ನಿಂತಿತು. ‘ಕಿತ್ತುಕೊಂಡರು’ ಅಂತ ಕಂಡ ತಕ್ಷಣ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂತ ಬರೆದುಬಿಡಬೇಡಿ. ಹೊಡೆಯುವುದು ನಿಂತಿತು, ಅಂದರೆ ವರ್ತನೆ ಕಡಿಮೆಯಾಯಿತು, ಹಾಗಾಗಿ ಶಿಕ್ಷೆ. ಸಾಮಾನು ಹೋಯಿತು, ಹಾಗಾಗಿ ನೆಗೆಟಿವ್. ಉತ್ತರ: ನೆಗೆಟಿವ್ ಶಿಕ್ಷೆ.