ಪಡ್ರೆಯ ಪ್ರಶ್ನೆ ಯಾರದು? ಪರಿಸರ ನ್ಯಾಯ ಮತ್ತು ಸಹಭಾಗಿ ಸಂವಹನ ಸಂಶೋಧನೆ

ಪರಿಸರ ನ್ಯಾಯದ ಮೇಲೆ, ಅಂದರೆ ಮಾಲಿನ್ಯದ ಹೊರೆ ಯಾರ ಮೇಲೆ ಬೀಳುತ್ತದೆ, ಅದನ್ನು ಯಾರು ನಿರ್ಧರಿಸುತ್ತಾರೆ ಎಂಬುದರ ಮೇಲೆ, ಪಿಎಚ್.ಡಿ. ಮಾಡಬೇಕೆಂದು ಬರುವವರ ಪ್ರಸ್ತಾವನೆಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಅವರ ಪ್ರಶ್ನೆ ಹುಟ್ಟಿದ ಜಾಗವನ್ನು. ಬಹುಪಾಲು ಪ್ರಸ್ತಾವನೆಗಳಲ್ಲಿ ಪ್ರಶ್ನೆ ಗ್ರಂಥಾಲಯದಲ್ಲಿ ಹುಟ್ಟಿರುತ್ತದೆ. ಊರು ಮೂರನೆಯ ಅಧ್ಯಾಯದಲ್ಲಿ ‘ಅಧ್ಯಯನ ಪ್ರದೇಶ’ವಾಗಿ ಬರುತ್ತದೆ, ಊರಿನವರು ನಾಲ್ಕನೆಯ ಅಧ್ಯಾಯದಲ್ಲಿ ‘ಮಾಹಿತಿದಾರರು’ ಆಗುತ್ತಾರೆ, ಎರಡು ಗುಂಪು ಚರ್ಚೆ ನಡೆಸಿದ ಕಾರಣಕ್ಕೆ ಇಡೀ ಕೆಲಸಕ್ಕೆ ‘ಸಹಭಾಗಿ’ ಎಂಬ ವಿಶೇಷಣ ಅಂಟಿಕೊಳ್ಳುತ್ತದೆ. ಹೀಗೆ ಮಾಡಿದ ಸಂಶೋಧನೆ ತಪ್ಪಾಗಿರಬೇಕೆಂದೇನೂ ಇಲ್ಲ. ಆದರೆ ಅದು ಸಹಭಾಗಿ ಸಂಶೋಧನೆಯಲ್ಲ, ಅಂದರೆ ಪ್ರಶ್ನೆಯನ್ನು ರೂಪಿಸುವುದರಲ್ಲೇ ಊರಿನವರಿಗೆ ಪಾಲಿರುವ ಸಂಶೋಧನೆಯಲ್ಲ. ಈ ವ್ಯತ್ಯಾಸ ಏಕೆ ಮುಖ್ಯವೆಂದು ವಿವರಿಸಲು ನಾನು ಸಾಮಾನ್ಯವಾಗಿ ಸಿದ್ಧಾಂತಕ್ಕಿಂತ ಮೊದಲು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಗೆ ಸೇರಿದ ಪಡ್ರೆಯ ಎಂಡೋಸಲ್ಫಾನ್ ಕೀಟನಾಶಕದ ಪ್ರಕರಣವನ್ನು ಮುಂದಿಡುತ್ತೇನೆ. ಅಲ್ಲಿ ನಡೆದದ್ದಕ್ಕೆ ಆಗ ಯಾರೂ ಸಹಭಾಗಿ ಸಂವಹನ ಸಂಶೋಧನೆ ಎಂದು ಹೆಸರಿಟ್ಟಿರಲಿಲ್ಲ.

ಕೇರಳದ ತೋಟಗಾರಿಕಾ ನಿಗಮವು ಕಾಸರಗೋಡಿನ ಸುಮಾರು 4,600 ಹೆಕ್ಟೇರ್ ಗೇರು ತೋಟಗಳಿಗೆ, ಟೀ ಸೊಳ್ಳೆ ಎಂದು ಕರೆಯುವ ಕೀಟದ ಹತೋಟಿಗಾಗಿ, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಶಾಲೆ ಇರುವುದು ಕೆಳಗಿನ ಕಣಿವೆಯಲ್ಲಿ. ಗಿಡಗಳ ತಲೆಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಸಿಂಪಡಿಸಬೇಕೆಂಬ ನಿಯಮವನ್ನು ಏರುತಗ್ಗಿನ ಆ ನೆಲದಲ್ಲಿ ಪಾಲಿಸುವುದು ಸಾಧ್ಯವಿರಲಿಲ್ಲ. ಸಿಂಪರಣೆಯ ದಿನ ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆಯ ಕಥೆಯೂ ಹಾಗೆಯೇ. ಪಡ್ರೆಯ ಅನೇಕ ಮನೆಗಳ ನೀರು ಬರುವುದು ಸುರಂಗಗಳಿಂದ, ಅಂದರೆ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ, ಗುಡ್ಡ ಹೀರಿಕೊಂಡ ಮಳೆನೀರನ್ನು ಸೋರಿಸಿಕೊಡುವ ಮಾರ್ಗಗಳಿಂದ. ಬಾವಿಯ ಬಾಯಿಗೆ ಸೋಗೆ ಹೊದಿಸಬಹುದು, ಗುಡ್ಡಕ್ಕೆ ಏನನ್ನು ಹೊದಿಸುವುದು? ಸುರಕ್ಷತೆಯ ಸೂಚನೆ ಬರೆದವರಿಗೆ ಆ ಊರಿನ ನೀರು ಎಲ್ಲಿಂದ ಬರುತ್ತದೆ ಎಂಬುದೇ ತಿಳಿದಿರಲಿಲ್ಲ. ಪರಿಸರ ಸಂವಹನದ ವೈಫಲ್ಯಗಳಲ್ಲಿ ಬಹಳಷ್ಟು ಈ ಬಗೆಯವು. ಸಂದೇಶ ಜನರಿಗೆ ಸರಿಯಾಗಿಯೇ ತಲುಪಿರುತ್ತದೆ, ಆದರೆ ಅದನ್ನು ಬರೆಯುವ ಮೊದಲು ಅಲ್ಲಿನವರನ್ನು ಯಾರೂ ಏನನ್ನೂ ಕೇಳಿರುವುದಿಲ್ಲ.

ಪ್ರಶ್ನೆಯನ್ನು ಮೊದಲು ಎತ್ತಿದವರು ಅಲ್ಲಿಯೇ ಬದುಕುತ್ತಿದ್ದವರು. ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಕೃಷಿಕ ಹಾಗೂ ಪತ್ರಕರ್ತ ಶ್ರೀ ಪಡ್ರೆ ಬಹಳ ಹಿಂದೆಯೇ ಬರೆದಿದ್ದರು. ವಾಣೀನಗರದಲ್ಲಿ ವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಬುದ್ಧಿಮಾಂದ್ಯತೆ, ಅಪಸ್ಮಾರ, ಜನ್ಮಜಾತ ವೈಕಲ್ಯ ಮತ್ತು ಕ್ಯಾನ್ಸರ್ ಪ್ರಕರಣಗಳು ಕೆಲವೇ ಕಣಿವೆಗಳಲ್ಲಿ ಒತ್ತಾಗಿ ಕಾಣಿಸಿಕೊಳ್ಳುತ್ತಿರುವುದನ್ನು 1990ರ ದಶಕದಲ್ಲಿ ಗುರುತಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಸಿಂಪರಣೆಯ ವಿರುದ್ಧ ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ತಡೆಯಾಜ್ಞೆ ಪಡೆದರು. ಈ ಮೂವರಲ್ಲಿ ಯಾರೂ ವಿಶ್ವವಿದ್ಯಾಲಯದವರಲ್ಲ. ಆದರೆ ಒಂದು ಗಮನಿಕೆ ಮನೆಯ ಮಾತಿನಿಂದ ವೈದ್ಯರ ದಾಖಲೆಗೆ, ಅಲ್ಲಿಂದ ಕನ್ನಡ ಬರಹಕ್ಕೆ, ಕನ್ನಡದಿಂದ ಇಂಗ್ಲಿಷಿಗೆ, ಕೊನೆಗೆ ಪ್ರಯೋಗಾಲಯಕ್ಕೆ ದಾಟಿದ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ, ನಮ್ಮ ವಿಭಾಗಗಳಲ್ಲಿ ಬೋಧಿಸುವ ಯಾವ ಸಂವಹನ ಮಾದರಿಗಿಂತಲೂ ಹೆಚ್ಚಿನದನ್ನು ಅದು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು ಹಾಗೂ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶವಿದೆಯೆಂದು ಪ್ರಕಟಿಸಿತು. ನಿಗಮವು ನೇಮಿಸಿದ ಮತ್ತೊಂದು ಸಂಸ್ಥೆಯ ಪರೀಕ್ಷೆ ಬೇರೆಯದೇ ಚಿತ್ರ ಕೊಟ್ಟಿತು. ಮಾದರಿಯನ್ನು ಎಲ್ಲಿಂದ, ಯಾವ ತಿಂಗಳಲ್ಲಿ, ಮಳೆಗೆ ಮೊದಲೋ ನಂತರವೋ ತೆಗೆಯಲಾಯಿತು ಎಂಬ ವಿವರಗಳ ಮೇಲೆ ಇಂಥ ಪರೀಕ್ಷೆಗಳ ಫಲಿತಾಂಶ ಎಷ್ಟು ನಿಂತಿರುತ್ತದೆಂದು ರಸಾಯನಶಾಸ್ತ್ರಜ್ಞರಿಗೆ ಚೆನ್ನಾಗಿ ಗೊತ್ತು. ಆ ವಿವರಗಳನ್ನು ಆಯ್ದುಕೊಳ್ಳಲು ಬೇಕಾದ ತಿಳಿವಳಿಕೆ ಮಾತ್ರ ಊರಿನವರಲ್ಲಿರುತ್ತದೆ. ಬಳಿಕ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಧ್ಯಪ್ರವೇಶದಿಂದಾಗಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಕೈಗೊಂಡಿತು. ಅದು ಪಡ್ರೆಯ ಮಕ್ಕಳನ್ನು, ವೈಮಾನಿಕ ಸಿಂಪರಣೆ ನಡೆಯದ ಮೀಂಜ ಪಂಚಾಯಿತಿಯ ಮಕ್ಕಳೊಂದಿಗೆ ಹೋಲಿಸಿತು. 10ರಿಂದ 19 ವರ್ಷದೊಳಗಿನ ಹುಡುಗರಲ್ಲಿ ಪಡ್ರೆಯ 117 ಮಂದಿ, ಮೀಂಜದ 90 ಮಂದಿ. ಪಡ್ರೆಯ ಹುಡುಗರಲ್ಲಿ ಲೈಂಗಿಕ ಬೆಳವಣಿಗೆ ತಡವಾಗಿರುವುದೂ ಹಾರ್ಮೋನುಗಳ ಪ್ರಮಾಣದಲ್ಲಿ ವ್ಯತ್ಯಾಸವಿರುವುದೂ ಕಂಡುಬಂದವು. ಕೊನೆಯ ಸಿಂಪರಣೆಯಾಗಿ ಸುಮಾರು ಹತ್ತು ತಿಂಗಳ ಮೇಲೂ ರಕ್ತದಲ್ಲಿ ಎಂಡೋಸಲ್ಫಾನ್ ಅಂಶವಿತ್ತು. ಈ ಅಧ್ಯಯನದ ಬಲ ಅದರ ಹೋಲಿಕೆಯಲ್ಲಿದೆ. ‘ಶೇಷಾಂಶ ಮಿತಿಯೊಳಗಿದೆಯೇ’ ಎಂಬುದು ನಿಯಂತ್ರಕರ ಪ್ರಶ್ನೆ. ‘ಈ ಕಣಿವೆಯಲ್ಲೇ ಏಕೆ’ ಎಂಬುದು ವೈದ್ಯರ ಮತ್ತು ತಾಯಂದಿರ ಪ್ರಶ್ನೆ. ಎರಡನೆಯ ಪ್ರಶ್ನೆಯನ್ನು ಕೇಳಿಸಿಕೊಂಡಾಗ ಮಾತ್ರ ಪಕ್ಕದ ಊರಿಗೆ ಹೋಗಿ ನೋಡಬೇಕು ಎಂಬ ಯೋಚನೆ ಬರುತ್ತದೆ.

ಆದರೂ ಅನಂತರದ ಸರ್ಕಾರಿ ಸಮಿತಿಗಳಲ್ಲಿ ಕೆಲವು, ರೋಗಗಳಿಗೂ ಸಿಂಪರಣೆಗೂ ಸಂಬಂಧವಿಲ್ಲವೆಂದವು. 2011ರ ಏಪ್ರಿಲ್‌ನಲ್ಲಿ, ಬಹುಕಾಲ ಕರಗದೆ ಉಳಿಯುವ ವಿಷರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ ಮತ್ತು ಮಾರಾಟಕ್ಕೆ ಮಧ್ಯಂತರ ತಡೆ ವಿಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಲು ಕೇರಳಕ್ಕೆ ಆದೇಶಿಸಿತು. ಕರ್ನಾಟಕದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತಲ ಗೇರು ತೋಟಗಳಲ್ಲೂ ಇದೇ ಸಿಂಪರಣೆ ನಡೆದಿತ್ತು, ಅಲ್ಲಿಯೂ ಸಂತ್ರಸ್ತರ ಪಟ್ಟಿ ತಯಾರಾಯಿತು. ಪಟ್ಟಿಗೆ ಯಾರು ಸೇರುತ್ತಾರೆ, ಯಾವ ಲಕ್ಷಣ ‘ಸಾಕ್ಷ್ಯ’ ಎನಿಸಿಕೊಳ್ಳುತ್ತದೆ, ಶಿಬಿರಕ್ಕೆ ಬರಲಾಗದ ಮಗುವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬ ವಿವಾದಗಳು ಗಡಿಯ ಎರಡೂ ಬದಿಗಳಲ್ಲಿ ಇನ್ನೂ ಮುಗಿದಿಲ್ಲ.

ಪರಿಸರ ನ್ಯಾಯ ಎಂಬ ಪರಿಕಲ್ಪನೆಯ ಹುಟ್ಟನ್ನು ಸಾಮಾನ್ಯವಾಗಿ ಅಮೆರಿಕದ ಉತ್ತರ ಕ್ಯಾರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ವಿಷತ್ಯಾಜ್ಯ ಗುಂಡಿಯ ವಿರುದ್ಧ ನಡೆದ ಪ್ರತಿಭಟನೆಯೊಂದಿಗೆ ಹೇಳುತ್ತಾರೆ. ಅದಕ್ಕೂ ಮೊದಲೇ, 1979ರಲ್ಲಿ, ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲಾರ್ಡ್ ಹ್ಯೂಸ್ಟನ್ ನಗರದ ಕಸದ ಗುಂಡಿಗಳು ಯಾವ ಬಡಾವಣೆಗಳಲ್ಲಿವೆ ಎಂದು ಗುರುತು ಹಾಕಲು ತೊಡಗಿದ್ದರು. ಕಪ್ಪು ಜನರ ಬಡಾವಣೆಯೊಂದರ ನಿವಾಸಿಗಳ ಪರವಾಗಿ ವಕೀಲೆಯಾಗಿದ್ದ ಅವರ ಪತ್ನಿಗೆ ಆ ಮಾಹಿತಿ ಬೇಕಾಗಿತ್ತು. ಅಲ್ಲಿಯೂ ಪ್ರಶ್ನೆ ಬಂದದ್ದು ಬಡಾವಣೆಯಿಂದ. 1991ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿಳಿಯರಲ್ಲದ ಸಮುದಾಯಗಳ ಪರಿಸರ ಸಮಾವೇಶ ಅಂಗೀಕರಿಸಿದ 17 ತತ್ತ್ವಗಳಲ್ಲಿ ನಿರ್ಧಾರದ ಪ್ರತಿ ಹಂತದಲ್ಲೂ ಸಮಾನ ಪಾಲುದಾರರಾಗಿ ಭಾಗವಹಿಸುವ ಹಕ್ಕೂ ಒಂದು. ಮಾಲಿನ್ಯದ ಹಂಚಿಕೆಯ ಅನ್ಯಾಯವನ್ನು ನಮ್ಮ ಪ್ರಬಂಧಗಳು ಚೆನ್ನಾಗಿಯೇ ಅಳೆಯುತ್ತವೆ. ಆ ಅಳತೆ ನಡೆಯುವಾಗ ಜನರನ್ನು ನಡೆಸಿಕೊಳ್ಳುವ ಕ್ರಮದಲ್ಲಿರುವ ಅನ್ಯಾಯಕ್ಕೆ ಅವುಗಳಲ್ಲಿ ಅಧ್ಯಾಯವಿರುವುದಿಲ್ಲ.

ಕ್ರಮ ಹೇಗಿರಬಹುದು ಎಂಬುದಕ್ಕೆ ವಿಶ್ವವಿದ್ಯಾಲಯದೊಳಗಿನ ಹಳೆಯ ಉದಾಹರಣೆಯೊಂದಿದೆ. 1967ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೊರಿಯಲ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದ ಡಾನ್ ಸ್ನೋಡನ್, ಆ ದೇಶದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಅವರೊಂದಿಗೆ ಫೋಗೊ ದ್ವೀಪಕ್ಕೆ ಹೋದರು. ಮೀನುಗಾರಿಕೆ ಕುಸಿದಿತ್ತು, ದ್ವೀಪದವರನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ನಡೆದಿತ್ತು. ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳು ತಯಾರಾದವು. ಅವನ್ನು ಮೊದಲು ನೋಡಿದವರು ಅದರಲ್ಲಿ ಮಾತಾಡಿದವರು; ಬೇಡವೆನಿಸಿದ ಭಾಗವನ್ನು ತೆಗೆಸುವ ಹಕ್ಕು ಅವರಿಗಿತ್ತು. ಆಮೇಲೆ ದ್ವೀಪದ ಊರೂರಿಗೆ ತೋರಿಸಲಾಯಿತು, ಒಂದು ಊರಿನ ಮೀನುಗಾರರು ಇನ್ನೊಂದು ಊರಿನವರ ಸಂಕಟವನ್ನು ಪರದೆಯ ಮೇಲೆ ಕೇಳಿಸಿಕೊಂಡರು, ಅನಂತರವಷ್ಟೇ ಚಿತ್ರಗಳು ಸರ್ಕಾರದ ಮುಂದೆ ಹೋದವು. ಮೀನುಗಾರಿಕೆ ಸಚಿವರ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತರಲಾಯಿತು. ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡಿತು, ದ್ವೀಪ ಖಾಲಿಯಾಗಲಿಲ್ಲ. ಇದೆಲ್ಲ ಚಿತ್ರಗಳಿಂದಲೇ ಆಯಿತೆಂದು ಹೇಳುವುದು ಉತ್ಪ್ರೇಕ್ಷೆ. ಆದರೆ ಮೊದಲು ಯಾರು ನೋಡಬೇಕು, ಯಾರು ಕತ್ತರಿಸಬಹುದು, ಉತ್ತರ ಹೇಗೆ ಹಿಂತಿರುಗಬೇಕು ಎಂಬ ಮೂರು ನಿರ್ಧಾರಗಳು ಕ್ಯಾಮೆರಾ ಹಿಡಿದವರ ಕೈಯಿಂದ ಊರಿನ ಕೈಗೆ ಬಂದವು.

ಪಡ್ರೆಯ ವಿಷಯದಲ್ಲಿ ಇದೇ ಆಗಲಿಲ್ಲ. ಊದಿಕೊಂಡ ತಲೆಯ, ಮುರುಟಿದ ಕೈಕಾಲಿನ ಮಕ್ಕಳ ಚಿತ್ರಗಳು ಜಗತ್ತಿನಾದ್ಯಂತ ಓಡಾಡಿದವು. ನಿಷೇಧಕ್ಕೆ ಅವು ನೆರವಾದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಚಾರ ಸಂಕಿರಣಗಳ ಪರದೆಯ ಮೇಲೆ ಅದೇ ಚಿತ್ರಗಳು, ಮಗುವಿನ ಹೆಸರಿಲ್ಲದೆ, ತೆಗೆದ ವರ್ಷವಿಲ್ಲದೆ, ಮನೆಯವರ ಒಪ್ಪಿಗೆಯ ಸುಳಿವಿಲ್ಲದೆ ಮತ್ತೆ ಮತ್ತೆ ಬಂದಾಗ, ನ್ಯಾಯದ ಬಗ್ಗೆ ಮಾತಾಡುತ್ತಿರುವವರೇ ಆ ಕುಟುಂಬಗಳನ್ನು ಇನ್ನೊಮ್ಮೆ ಸರಕು ಮಾಡುತ್ತಿದ್ದಾರೆ ಎನಿಸುತ್ತದೆ. ಚಿತ್ರಕ್ಕೆ ಒಮ್ಮೆ ಕೊಟ್ಟ ಒಪ್ಪಿಗೆ ಎಂದೆಂದಿಗೂ, ಎಲ್ಲೆಂದರಲ್ಲಿಗೂ ಅಲ್ಲ. ಮಗು ದೊಡ್ಡದಾದ ಮೇಲೆ ಅದನ್ನು ಮತ್ತೆ ಕೇಳಬೇಕಾಗುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ, ಪಡ್ರೆಯ ಮನೆಗಳಲ್ಲಿ ತುಳು, ಹವ್ಯಕ ಕನ್ನಡ, ಮರಾಠಿ, ಮಲಯಾಳಗಳು ಕೇಳಿಬರುತ್ತವೆ. ಅವರ ಮಕ್ಕಳ ರಕ್ತದಿಂದ ಹುಟ್ಟಿದ ಜ್ಞಾನ ಪ್ರಕಟವಾಗುವುದು ಇಂಗ್ಲಿಷಿನಲ್ಲಿ. ಇದು ನೈತಿಕತೆಯ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ. ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ನಡೆಯಬೇಕಾದ ಪರಿಸರ ಪರಿಣಾಮ ಅಧ್ಯಯನದ ಬಗ್ಗೆ ಕೇಂದ್ರ ಸರ್ಕಾರದ 2020ರ ಕರಡು ಅಧಿಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಹೊರಬಂದಾಗ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅದನ್ನು ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತು. ಕರ್ನಾಟಕ ಹೈಕೋರ್ಟ್ ಇದೇ ಕೊರತೆಯನ್ನು ಎತ್ತಿ ತೋರಿಸಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಿತು. ಸರ್ಕಾರಕ್ಕೆ ನ್ಯಾಯಾಲಯ ವಿಧಿಸುವ ಈ ಕನಿಷ್ಠ ಕಟ್ಟುಪಾಡನ್ನು ವಿಶ್ವವಿದ್ಯಾಲಯಗಳು ತಮ್ಮ ಮೇಲೆ ತಾವೇ ಹೇರಿಕೊಂಡಿಲ್ಲ. ಮಹಾಪ್ರಬಂಧದ ಐದು ಪುಟದ ಕನ್ನಡ ಸಾರವನ್ನು ಊರಿಗೆ ಕೊಡದಿದ್ದರೂ ಪದವಿಗೆ ಯಾವ ಅಡ್ಡಿಯೂ ಆಗುವುದಿಲ್ಲ.

ಜನರನ್ನು ಒಳಗೊಂಡರೆ ಸಂಶೋಧನೆ ಪಕ್ಷಪಾತಿಯಾಗುತ್ತದೆ ಎಂಬುದು ಮೌಖಿಕ ಪರೀಕ್ಷೆಗಳಲ್ಲಿ ತಪ್ಪದೆ ಬರುವ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ನೊಂದ ಊರಿನಲ್ಲಿ ಎಲ್ಲ ಕಾಯಿಲೆಗಳನ್ನೂ ಒಂದೇ ಕಾರಣಕ್ಕೆ ತಳುಕು ಹಾಕುವ ಸೆಳೆತವಿರುತ್ತದೆ. ಕಾಸರಗೋಡಿನಲ್ಲೂ ಯಾವ ರೋಗಗಳು ಎಂಡೋಸಲ್ಫಾನಿನಿಂದ ಬಂದವು, ಯಾವುವು ಬೇರೆ ಕಾರಣದವು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇದೆ. ಸಹಭಾಗಿತ್ವ ಸರಿಯಾದ ಪ್ರಶ್ನೆಯನ್ನು ಕೊಡಬಲ್ಲದು, ಸರಿಯಾದ ಉತ್ತರದ ಭರವಸೆಯನ್ನು ಕೊಡಲಾರದು. ಆದ್ದರಿಂದಲೇ ಹೋಲಿಕೆಯ ಊರು ಬೇಕು, ಮಾದರಿ ಯಾವ ಊರಿನದೆಂದು ಪ್ರಯೋಗಾಲಯಕ್ಕೆ ತಿಳಿಯದಂತೆ ಸಂಕೇತ ಸಂಖ್ಯೆ ಬೇಕು, ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಬಂದರೆ ಅದನ್ನೂ ಪ್ರಕಟಿಸುತ್ತೇವೆಂಬ ಒಪ್ಪಂದ ಮೊದಲೇ ಊರಿನವರೊಂದಿಗೆ ಆಗಿರಬೇಕು. ಈ ಕೊನೆಯದು ಕಷ್ಟದ ಮಾತುಕತೆ. ಅದನ್ನು ಕೆಲಸ ಶುರುವಾಗುವ ಮುನ್ನ ಆಡದೆ ಮುಂದೂಡಿದವರು ಕೊನೆಗೆ ಊರಿನ ವಿಶ್ವಾಸವನ್ನೋ ತಮ್ಮ ದತ್ತಾಂಶವನ್ನೋ ಕಳೆದುಕೊಳ್ಳುತ್ತಾರೆ.

ವಿಭಾಗಗಳ ಮಟ್ಟದಲ್ಲಿ ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಸಮುದಾಯವನ್ನು ತೊಡಗಿಸಿಕೊಳ್ಳುವುದರ ಬಗ್ಗೆ ವಿವರವಾಗಿಯೇ ಹೇಳುತ್ತದೆ. ಸಂವಹನ ಮತ್ತು ಸಮಾಜ ವಿಜ್ಞಾನದ ನೈತಿಕತಾ ಸಮಿತಿಗಳು ಅದನ್ನು ತಮಗೆ ಹೊಂದುವಂತೆ ಬಳಸಿಕೊಳ್ಳಬಹುದು. ಸಂಶೋಧನಾ ಅನುದಾನದ ಅರ್ಜಿಯಲ್ಲಿ ಉಪಕರಣ, ಪ್ರಯಾಣ, ಮುದ್ರಣಗಳ ಬಾಬತ್ತಿನ ಪಕ್ಕದಲ್ಲಿ ಅನುವಾದಕ್ಕೆ, ಊರಿನ ಸಹಸಂಶೋಧಕರ ದಿನಗೂಲಿಗೆ, ಫಲಿತಾಂಶ ಒಪ್ಪಿಸುವ ಸಭೆಗೆ ಬೇರೆ ಬೇರೆ ಸಾಲುಗಳಿರಬೇಕು. ಇಲ್ಲವಾದರೆ ಆ ಕೆಲಸಗಳು ವಿದ್ಯಾರ್ಥಿಯ ಸ್ವಂತ ಜೇಬಿನಿಂದ ನಡೆಯುತ್ತವೆ, ಇಲ್ಲವೇ ನಡೆಯುವುದೇ ಇಲ್ಲ. ಫಲಿತಾಂಶದ ಸಭೆಯನ್ನು ಮಹಾಪ್ರಬಂಧ ಸಲ್ಲಿಸಿದ ಮೇಲೆ ಇಟ್ಟುಕೊಂಡರೆ ಅದು ಕೃತಜ್ಞತಾ ಸಮಾರಂಭವಾಗುತ್ತದೆ. ಸಲ್ಲಿಸುವುದಕ್ಕೆ ಕನಿಷ್ಠ ಮೂರು ತಿಂಗಳ ಮೊದಲು, ಗೇರು ಕೊಯ್ಲು ಅಥವಾ ಅಡಿಕೆ ಕೊಯ್ಲಿನ ಬಿರುಸು ಇಲ್ಲದ ವಾರದಲ್ಲಿ, ಪಂಚಾಯಿತಿ ಕಚೇರಿಗಿಂತ ಹೆಂಗಸರು ಸಲೀಸಾಗಿ ಬಂದು ಕೂರುವ ಅಂಗನವಾಡಿಯಂಥ ಕಡೆ ಇಟ್ಟುಕೊಂಡರೆ, ಅಲ್ಲಿ ಏಳುವ ತಕರಾರುಗಳಿಗೆ ಪ್ರಬಂಧದಲ್ಲಿ ಇನ್ನೂ ಜಾಗ ಉಳಿದಿರುತ್ತದೆ.